ಇಟಲಿಯ ಕೆಂಪು, ಮೈಸೂರಿನ ಕೆಂಪು

ಬೊಲೋನ್ಯಾದ ಡುಕಾಟಿಗೂ ಮಾಗಡಿ ಕಡೆಯ ಕೊಟ್ಟಿಗೆಯೊಂದರಲ್ಲಿ ನಿಂತ ಹಳೆಯ ಜಾವಾಕ್ಕೂ ಎಲ್ಲಿಯ ನಂಟು? ಒಂದು ಮನೆಯ ಸಣ್ಣ ಜಗಳ ಈ ಪ್ರಶ್ನೆಯ ಬೆನ್ನು ಹತ್ತಿಸಿತು.

ಭಾನುವಾರ ಬೆಳಿಗ್ಗೆ ಏಳರ ಸುಮಾರಿಗೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳ ಮುಂದೆ ನಿಂತರೆ ಅರ್ಧ ಯೂರೋಪನ್ನು ನೋಡಿದಂತಾಗುತ್ತದೆ. ಬೆಂಗಳೂರಿನಿಂದ ಗುಂಪು ಗುಂಪಾಗಿ ಬಂದ ದುಬಾರಿ ಮೋಟಾರ್ ಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಜರ್ಮನಿಯದೊಂದು, ಆಸ್ಟ್ರಿಯಾದ ಕಿತ್ತಳೆ ಬಣ್ಣದ್ದೊಂದು, ನಡುವೆ ಒಂದೆರಡಾದರೂ ಕೆಂಪು ಡುಕಾಟಿ. ಇಡ್ಲಿಯ ಮೇಲೆ ಬೆಣ್ಣೆ ಬೀಳುವಷ್ಟರಲ್ಲಿ ಆ ಕೆಂಪು ಗಾಡಿಯ ಸುತ್ತ ಜನ ನೆರೆದಿರುತ್ತಾರೆ. ಹಾಲಿನ ಕ್ಯಾನು ಕಟ್ಟಿಕೊಂಡು ಬಂದವರು, ರಾಮನಗರದ ಮಾರುಕಟ್ಟೆಗೆ ಗೂಡು ಸಾಗಿಸುವವರು, ಸ್ಕೂಲು ಹುಡುಗರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಕೊಡುತ್ತೆ ಸಾರ್ ಮೈಲೇಜು?"

ಕಳೆದ ಮಳೆಗಾಲದಲ್ಲಿ ಹೀಗೆ ಪ್ರಶ್ನೆಗೆ ಸಿಕ್ಕಿ ನಿಂತಿದ್ದವನು ನನ್ನ ಅಕ್ಕನ ಮಗ. ಬೆಂಗಳೂರಿನ ಕಂಪ್ಯೂಟರ್ ಕಂಪೆನಿಯೊಂದರಲ್ಲಿ ಕೆಲಸ. ಎರಡು ವರ್ಷದ ಸಂಬಳ ಉಳಿಸಿ ಒಂದು ಸೆಕೆಂಡ್ ಹ್ಯಾಂಡ್ ಡುಕಾಟಿ ಮಾನ್‌ಸ್ಟರ್ ಕೊಂಡಿದ್ದಾನೆ. ನೂರು ಅಶ್ವಶಕ್ತಿ ದಾಟುವ ಆ ಗಾಡಿಯನ್ನು ಅವನು ಬಿಡದಿಯವರೆಗೆ ತಂದದ್ದು ಸರ್ವಿಸ್ ರಸ್ತೆಯಲ್ಲಿ, ಆಟೋ ಮತ್ತು ಟ್ರ್ಯಾಕ್ಟರುಗಳ ಹಿಂದೆ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಡುಕಾಟಿಯಾದರೂ ಒಂದೇ, ಮೊಪೆಡ್ಡಾದರೂ ಒಂದೇ.

ಅವನು ಬಂದದ್ದು ಇಡ್ಲಿಗಲ್ಲ. ಮಾಗಡಿ ಹತ್ತಿರದ ನಮ್ಮ ಹಳ್ಳಿಯ ಕೊಟ್ಟಿಗೆಯಲ್ಲಿ ಅವನ ತಾತನ, ಅಂದರೆ ನಮ್ಮ ಅಪ್ಪನ, 1971ರ ಜಾವಾ ನಿಂತಿದೆ. ಅಪ್ಪ ತೀರಿಕೊಂಡು ಎಂಟು ವರ್ಷವಾಯಿತು. ಅಲ್ಲಿಂದ ಯಾರೂ ಅದನ್ನು ಹತ್ತಿಲ್ಲ. ಹಿಂದಿನ ವಾರವಷ್ಟೇ ಬೆಂಗಳೂರಿನಿಂದ ಹಳೆಯ ಗಾಡಿ ಸಂಗ್ರಹಿಸುವ ಒಬ್ಬರು ಬಂದು, ಧೂಳು ಒರೆಸಿ, ಎಂಜಿನ್ ನಂಬರು ನೋಡಿ, ಒಂದು ಲಕ್ಷದ ಎಂಬತ್ತು ಸಾವಿರ ಕೊಡುವುದಾಗಿ ಹೇಳಿ ಹೋಗಿದ್ದರು. ಸುದ್ದಿ ಕೇಳಿದ್ದೇ ಹುಡುಗ ಫೋನು ಮಾಡಿದ: "ಮಾವ, ಯಾರಿಗೂ ಕೊಡ್ಬೇಡಿ. ನನಗೆ ಕೊಡಿ. ಇಟಾಲಿಯನ್ ಸ್ಟೈಲಲ್ಲಿ ಕೆಫೆ ರೇಸರ್ ಮಾಡಿಸ್ತೀನಿ." ಹಿಂದಿನ ಮಡ್‌ಗಾರ್ಡು, ದೊಡ್ಡ ಸೀಟು ತೆಗೆದು, ಫ್ರೇಮಿನ ಬಾಲ ಕತ್ತರಿಸಿ, ಗೂನು ಬೆನ್ನಿನ ಒಂಟಿ ಸೀಟು ಕೂರಿಸಿ, ಹ್ಯಾಂಡಲ್ಲನ್ನು ಕೆಳಕ್ಕೆ ಇಳಿಸುವುದು. ಅಮ್ಮ ಏನೂ ಹೇಳಲಿಲ್ಲ. ತೀರ್ಮಾನ ನನ್ನ ತಲೆಗೆ ಬಂತು.

ಕೆಫೆ ರೇಸರ್ ಎಂಬುದು ಹುಟ್ಟಿನಲ್ಲಿ ಇಟಲಿಯದಲ್ಲ. 1950-60ರ ದಶಕದಲ್ಲಿ ಇಂಗ್ಲೆಂಡಿನ ಹುಡುಗರು ಒಂದು ಕಾಫಿ ಹೋಟೆಲಿನಿಂದ ಇನ್ನೊಂದಕ್ಕೆ ಜಿದ್ದಿನಿಂದ ಓಡಿಸಲು ತಮ್ಮ ಗಾಡಿಗಳ ಭಾರ ಇಳಿಸುತ್ತಿದ್ದರಲ್ಲ, ಆ ಹುಚ್ಚಿಗೆ ಬಿದ್ದ ಹೆಸರು ಅದು. ಆದರೆ ಅದೇ ರೂಪವನ್ನು ಕಾರ್ಖಾನೆಯಲ್ಲೇ, ಕಸುಬಿನ ಮರ್ಯಾದೆಯಿಂದ ಮಾಡಿ ತೋರಿಸಿದವರು ಇಟಲಿಯವರು ಎಂಬುದು ನಿಜ. ಹುಡುಗನಿಗೆ ಉತ್ತರ ಕೊಡುವ ಮೊದಲು ಈ 'ಇಟಾಲಿಯನ್ ಸ್ಟೈಲ್' ಏನೆಂದು ತಿಳಿಯೋಣ ಎಂದು ಹೊರಟೆ. ಹೊರಟವನು ಸ್ವಲ್ಪ ದೂರವೇ ಹೋದೆ.

ರೇಡಿಯೋ ಕಂಪೆನಿಯ ನಾಯಿಮರಿ

ಇಟಲಿಯ ದ್ವಿಚಕ್ರ ನಮಗೆ ಹೊಸದೇನಲ್ಲ. ಬಜಾಜ್ ಸ್ಕೂಟರಿನ ಮೂಲ ಇಟಲಿಯ ವೆಸ್ಪಾ. ಲ್ಯಾಂಬ್ರೆಟಾ ಮಾಡುತ್ತಿದ್ದ ಇನ್ನೊಚೆಂಟಿ ಕಂಪೆನಿಯ ಯಂತ್ರೋಪಕರಣಗಳನ್ನೇ 1970ರ ದಶಕದ ಆರಂಭದಲ್ಲಿ ನಮ್ಮ ಸರ್ಕಾರ ಕೊಂಡು ಲಖನೌಗೆ ತಂದಿತ್ತು. ಹೆಂಗಸರು, ಮೇಷ್ಟರುಗಳು, ಪೋಸ್ಟ್‌ಮ್ಯಾನುಗಳು ಓಡಿಸಿದ ಲೂನಾ ಕೂಡ ಪಿಯಾಜಿಯೋ ಕಂಪೆನಿಯ 'ಚಾವ್' ಎಂಬ ಮೊಪೆಡ್ಡಿನ ಪಡಿಯಚ್ಚು. ಆದರೆ ಇವೆಲ್ಲ ಸಂಸಾರದ ಗಾಡಿಗಳು. ಅದೇ ದೇಶದ ರೇಸು ಗಾಡಿಗಳು ನಮ್ಮ ಕಡೆ ಬಂದದ್ದು ಬಹಳ ತಡವಾಗಿ. ಡುಕಾಟಿ ತಾನೇ ನೇರವಾಗಿ ಭಾರತದಲ್ಲಿ ಅಂಗಡಿ ತೆರೆದದ್ದು 2015ರಲ್ಲಿ.

ಡುಕಾಟಿ 1926ರಲ್ಲಿ ಬೊಲೋನ್ಯಾ ನಗರದಲ್ಲಿ ಶುರುವಾದಾಗ ಮಾಡುತ್ತಿದ್ದುದು ರೇಡಿಯೋದ ಬಿಡಿಭಾಗ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಬಾಂಬು ಬಿದ್ದು ಕಾರ್ಖಾನೆ ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಜನರಿಗೆ ರೇಡಿಯೋಗಿಂತ ಓಡಾಟಕ್ಕೊಂದು ವಾಹನ ಬೇಕಿತ್ತು. ಸೈಕಲ್ಲಿಗೆ ಸಿಕ್ಕಿಸಬಹುದಾದ ಪುಟ್ಟ ಎಂಜಿನ್ನೊಂದನ್ನು ಕಂಪೆನಿ ಮಾಡತೊಡಗಿತು. ಅದರ ಹೆಸರು ಕುಚ್ಚೊಲೋ, ಎಂದರೆ ನಾಯಿಮರಿ. ಅದರ ಸದ್ದು ಮರಿ ಬೊಗಳಿದಂತೆ ಇತ್ತಂತೆ. ಇಂದು ಬಿಡದಿಯಲ್ಲಿ ಜನ ಮುತ್ತುವ ಗಾಡಿಯ ವಂಶ ಶುರುವಾಗುವುದು ಈ ನಾಯಿಮರಿಯಿಂದ.

1954ರಲ್ಲಿ ಫಾಬಿಯೋ ತಾಲಿಯೋನಿ ಎಂಬ ಎಂಜಿನಿಯರ್ ಸೇರಿದ ಮೇಲೆ ಕಂಪೆನಿಯ ಜಾತಕವೇ ಬದಲಾಯಿತು. ಅವನ ಹೆಸರಿಗೆ ಅಂಟಿಕೊಂಡ ಶಬ್ದ 'ಡೆಸ್ಮೋ'. ಎಂಜಿನ್ನಿನ ಒಳಗೆ ಗಾಳಿ-ಪೆಟ್ರೋಲು ಬರಲು, ಹೊಗೆ ಹೋಗಲು ವಾಲ್ವುಗಳಿರುತ್ತವೆ. ಸಾಮಾನ್ಯ ಎಂಜಿನ್ನಿನಲ್ಲಿ ವಾಲ್ವನ್ನು ತೆರೆಯುವುದು ಕ್ಯಾಮು, ಮುಚ್ಚುವುದು ಸ್ಪ್ರಿಂಗು. ಬ್ಯಾಂಕಿನ ಬಾಗಿಲಿಗೆ ಸ್ಪ್ರಿಂಗು ಹಾಕಿರುತ್ತಾರಲ್ಲ, ಹಾಗೆ. ನಿಧಾನವಾಗಿ ಜನ ಬಂದು ಹೋಗುತ್ತಿದ್ದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಒಂದರ ಹಿಂದೊಂದು ನುಗ್ಗಿದರೆ ಸ್ಪ್ರಿಂಗಿಗೆ ಪುರುಸೊತ್ತು ಸಿಗದೆ ಬಾಗಿಲು ತೆರೆದೇ ಉಳಿಯುತ್ತದೆ. ಐವತ್ತರ ದಶಕದ ಸ್ಪ್ರಿಂಗುಗಳು ವೇಗ ತಾಳದೆ ಮುರಿಯುತ್ತಲೂ ಇದ್ದವು. ತಾಲಿಯೋನಿ ಮುಚ್ಚುವ ಕೆಲಸಕ್ಕೂ ಇನ್ನೊಂದು ಕ್ಯಾಮನ್ನೇ ನೇಮಿಸಿದ. ಬಾಗಿಲ ಬಳಿ ಆಳು ನಿಲ್ಲಿಸಿ ಪ್ರತಿ ಸಲ ಎಳೆದು ಹಾಕಿಸಿದಂತೆ. ಈ ಉಪಾಯ ಅವನ ಸ್ವಂತದ್ದಲ್ಲ, ಹಿಂದೆಯೂ ಕೆಲವರು ಮಾಡಿ ಕೈಬಿಟ್ಟಿದ್ದರು. ಅದನ್ನು ದಕ್ಕಿಸಿಕೊಂಡವನು ಇವನು. 1956ರಲ್ಲಿ ಸ್ವೀಡನ್ನಿನ ರೇಸಿನಲ್ಲಿ ಡೆಸ್ಮೋ ಎಂಜಿನ್ನಿನ 125 ಸಿ.ಸಿ. ಡುಕಾಟಿ ಇಳಿದ ಮೊದಲ ಸಲವೇ ಗೆದ್ದಿತು.

ಇಟಲಿಯ ಗಾಡಿಗಳ ಅಂದ ಈ ಒಳಗಿನ ಲೆಕ್ಕದಿಂದಲೇ ಬರುವುದು. ತಾಲಿಯೋನಿ ದೊಡ್ಡ ಡುಕಾಟಿಗೆ ಎರಡು ಸಿಲಿಂಡರುಗಳನ್ನು ತೊಂಬತ್ತು ಡಿಗ್ರಿ ಕೋನದಲ್ಲಿಟ್ಟ. ಒಂದು ಮುಂದಕ್ಕೆ ಹೆಚ್ಚುಕಡಿಮೆ ಮಲಗಿದಂತೆ, ಇನ್ನೊಂದು ಎದ್ದು ನಿಂತಂತೆ. ಹಾಗಿಟ್ಟರೆ ಒಂದರ ಕುಲುಕಾಟವನ್ನು ಇನ್ನೊಂದು ಬಹುಮಟ್ಟಿಗೆ ತಿಂದುಹಾಕುತ್ತದೆ, ಎರಡಕ್ಕೂ ಗಾಳಿ ಸಿಗುತ್ತದೆ, ಗಾಡಿಯ ಸೊಂಟ ಸಣ್ಣದಾಗುತ್ತದೆ. 1972ರ ಏಪ್ರಿಲ್‌ನಲ್ಲಿ ಇಮೋಲಾದ ಇನ್ನೂರು ಮೈಲಿ ರೇಸಿನಲ್ಲಿ ಇಂಥ 750 ಸಿ.ಸಿ. ಗಾಡಿಗಳ ಮೇಲೆ ಪಾಲ್ ಸ್ಮಾರ್ಟ್ ಮೊದಲನೆಯವನಾಗಿ, ಬ್ರೂನೋ ಸ್ಪಜಿಯಾರಿ ಎರಡನೆಯವನಾಗಿ ಬಂದರು. 1974ರಲ್ಲಿ ಅದರ ಹೋಲಿಕೆಯಲ್ಲಿ ರಸ್ತೆಗೆ ಬಂದ ಸೂಪರ್ ಸ್ಪೋರ್ಟ್ ಗಾಡಿಗಳು ಸುಮಾರು ನಾನೂರು ಮಾತ್ರ. ಹಸಿರು ಬಣ್ಣದ ಫ್ರೇಮಿನ ಆ ನಾನೂರಕ್ಕೆ ಇಂದು ಸಂಗ್ರಾಹಕರು ಜಗತ್ತೆಲ್ಲ ಹುಡುಕಾಡುತ್ತಾರೆ. 1978ರಲ್ಲಿ ಮೈಕ್ ಹೇಲ್‌ವುಡ್, ಹನ್ನೊಂದು ವರ್ಷ ದೂರವಿದ್ದು, ಮೂವತ್ತೆಂಟರ ವಯಸ್ಸಿನಲ್ಲಿ ಡುಕಾಟಿ ಏರಿ ಐಲ್ ಆಫ್ ಮ್ಯಾನ್ ರೇಸು ಗೆದ್ದ ಕಥೆಯನ್ನಂತೂ ಬೈಕಿನ ಹುಚ್ಚಿರುವವರು ಹರಿಕಥೆಯಂತೆ ಹೇಳುತ್ತಾರೆ.

ಬಿಸಿನೀರಿನ ಪೈಪಿನವನು

ಇವರೆಲ್ಲರಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದವನು ಮಾಸ್ಸಿಮೋ ತಂಬುರಿನಿ. 1943ರಲ್ಲಿ ರಿಮಿನಿ ಎಂಬ ಕಡಲ ತೀರದ ಊರಿನಲ್ಲಿ ಹುಟ್ಟಿದವನು. ಎಂಜಿನಿಯರಿಂಗ್ ಪದವಿ ಇಲ್ಲ. ಗೆಳೆಯರ ಜತೆ ಕಟ್ಟಡಗಳಿಗೆ ಬಿಸಿಗಾಳಿ, ಬಿಸಿನೀರಿನ ವ್ಯವಸ್ಥೆ ಮಾಡಿಕೊಡುವ ಕಸುಬು. ಪೈಪು ಬಗ್ಗಿಸುವುದು, ಬೆಸುಗೆ ಹಾಕುವುದು ಕೈಗೆ ಚೆನ್ನಾಗಿ ಹತ್ತಿತ್ತು. 1972ರಲ್ಲಿ ಮಿಸಾನೋ ಟ್ರ್ಯಾಕಿನಲ್ಲಿ ತನ್ನ ಹೋಂಡಾ 750 ಓಡಿಸುತ್ತ ಬಿದ್ದು ಪಕ್ಕೆಲುಬು ಮುರಿದುಕೊಂಡ. ಆ ಹೋಂಡಾದ ಎಂಜಿನ್ ಎಷ್ಟು ಗಟ್ಟಿಯೋ ಫ್ರೇಮು ಅಷ್ಟೇ ಸಡಿಲ ಎಂಬುದು ಅವನ ದೂರು. ಬೇರೆಯವರಾಗಿದ್ದರೆ ಗಾಡಿ ಮಾರುತ್ತಿದ್ದರು. ಇವನು ಎಂಜಿನ್ ಉಳಿಸಿಕೊಂಡು ಸುತ್ತ ತನ್ನದೇ ಪೈಪುಗಳ ಫ್ರೇಮು ಕಟ್ಟಿದ. ಬಿಯಾಂಕಿ, ಮೊರ್ರಿ, ತಂಬುರಿನಿ, ಮೂವರ ಹೆಸರಿನ ಮೊದಲಕ್ಷರಗಳು ಸೇರಿ 'ಬಿಮೋಟಾ' ಎಂಬ ಕಂಪೆನಿ ಆಯಿತು.

ಮುಂದೆ ಅವನು ಕಾಸ್ತಿಲಿಯೋನಿ ಸೋದರರ ಕಜೀವಾ ಕಂಪೆನಿ ಸೇರಿದ. ಮೈಸೂರಿನವರಿಗೆ ಇಷ್ಟವಾಗುವ ಸಂಗತಿಯೊಂದಿದೆ: ಆ ಕಂಪೆನಿಯ ಲಾಂಛನ ಆನೆ. 1985ರಲ್ಲಿ ಡುಕಾಟಿ ಈ ಆನೆಯ ಮನೆಗೆ ಬಂತು. ತಂಬುರಿನಿ ರೂಪಿಸಿದ ಡುಕಾಟಿ 916, 1994ರಲ್ಲಿ ಮಾರುಕಟ್ಟೆಗೆ ಬಂತು. ಕಿರಿದಾದ ಎರಡು ಕಣ್ಣು, ಹಿಂದಿನ ಚಕ್ರವನ್ನು ಒಂದೇ ಕಡೆಯಿಂದ ಹಿಡಿದ ತೋಳು, ಸೀಟಿನ ಅಡಿಯಿಂದ ಹೊರಬರುವ ಜೋಡಿ ಸೈಲೆನ್ಸರು. ಯಾವುದೂ ಬರೀ ಒಯ್ಯಾರಕ್ಕೆ ಅಲ್ಲ. ಚಕ್ರ ಒಂದೇ ಕಡೆ ಹಿಡಿದಿದ್ದರೆ ರೇಸಿನಲ್ಲಿ ಬೇಗ ಬಿಚ್ಚಬಹುದು. ಸೈಲೆನ್ಸರು ಮೇಲೇರಿದರೆ ತಿರುವಿನಲ್ಲಿ ಗಾಡಿಯನ್ನು ಇನ್ನಷ್ಟು ಬಾಗಿಸಬಹುದು. ಕಾರ್ಲ್ ಫೋಗರ್ಟಿ ಈ ಗಾಡಿ ಮತ್ತು ಇದರ ತಮ್ಮ 996ರ ಮೇಲೆ ನಾಲ್ಕು ಸಲ ಸೂಪರ್‌ಬೈಕ್ ವಿಶ್ವ ಚಾಂಪಿಯನ್ ಆದ. 1998ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಕಲಾಸಂಗ್ರಹಾಲಯ ಮೋಟಾರ್ ಸೈಕಲ್ಲುಗಳ ಪ್ರದರ್ಶನ ಇಟ್ಟಾಗ ಇದೂ ಅಲ್ಲಿತ್ತು. ತಂಬುರಿನಿ 2014ರಲ್ಲಿ ತೀರಿಕೊಂಡ.

ಈ ಗಾಡಿಗಳ ಫ್ರೇಮಿಗೆ ಇಂಗ್ಲಿಷಿನಲ್ಲಿ ಟ್ರೆಲಿಸ್ ಎನ್ನುತ್ತಾರೆ. ಶಬ್ದಾರ್ಥ ನೋಡಿದರೆ ನಮ್ಮ ಚಪ್ಪರ, ಅವರೆ ಬಳ್ಳಿ ಹಬ್ಬಿಸುವಂಥದ್ದು. ಚಿಕ್ಕ ಚಿಕ್ಕ ನೇರ ಪೈಪುಗಳನ್ನು ತ್ರಿಕೋನಗಳಾಗುವಂತೆ ಬೆಸೆದಿರುತ್ತಾರೆ. ತ್ರಿಕೋನ ಸುಲಭಕ್ಕೆ ಸೊಟ್ಟಗಾಗುವುದಿಲ್ಲ, ಆದ್ದರಿಂದ ಕಡಿಮೆ ಲೋಹದಲ್ಲಿ ಹೆಚ್ಚು ಬಿಗಿ. 1993ರ ಮಾನ್‌ಸ್ಟರಿನಲ್ಲಿ ಮಿಗೆಲ್ ಗಲುಟ್ಸಿ ಎಂಬ ಅರ್ಜೆಂಟೀನಾ ಮೂಲದವನು ಈ ಚಪ್ಪರವನ್ನೇ ಮುಂದೆ ಮಾಡಿ, ಮೈಮೇಲಿನ ಪ್ಲಾಸ್ಟಿಕ್ಕನ್ನೆಲ್ಲ ಕಿತ್ತು ಹಾಕಿದ. ಅಂಗಿ ಬಿಚ್ಚಿ ಅಖಾಡಕ್ಕೆ ಇಳಿದ ಪೈಲ್ವಾನನಂತೆ ಕಾಣುತ್ತದೆ. ನಮ್ಮ ಹುಡುಗನದು ಅದರ ಮೊಮ್ಮಗ.

ಉಳಿದವರ ಕಥೆ ಚುಟುಕಾಗಿ: ಕೋಮೋ ಸರೋವರದ ದಂಡೆಯ ಮೋಟೋ ಗುಟ್ಸಿ 1950ರಲ್ಲೇ ಗಾಳಿಸುರಂಗ ಕಟ್ಟಿ ರೇಸು ಗಾಡಿಗಳ ಮೈ ತಿದ್ದಿತು, 1955ರಲ್ಲಿ 500 ಸಿ.ಸಿ.ಯೊಳಗೆ ಎಂಟು ಸಿಲಿಂಡರು ತುರುಕಿ ತೋರಿಸಿತು. ಬ್ರೆಗಾಂಜೆಯ ಲಾವೆರ್ದಾ ಮನೆತನದ್ದು ಮೂಲತಃ ಕೃಷಿ ಯಂತ್ರಗಳ ಕಾರ್ಖಾನೆ. ಅವರ ಕಿತ್ತಳೆ ಬಣ್ಣದ ಬೈಕುಗಳಿಗೆ ಆ ಗಟ್ಟಿತನ ಇತ್ತು. ಎಂವಿ ಅಗುಸ್ತಾದವರು ಹೆಲಿಕಾಪ್ಟರ್ ಮಾಡುತ್ತಲೇ ಜಾಕೊಮೊ ಅಗಸ್ತಿನಿಗೆ ಅವನ ಹದಿನೈದು ವಿಶ್ವ ಪ್ರಶಸ್ತಿಗಳಲ್ಲಿ ಹದಿಮೂರನ್ನು ಗೆಲ್ಲಿಸಿದರು.

ಆದರೆ ವ್ಯಾಪಾರದಲ್ಲಿ? ಒಬ್ಬರೂ ನೆಟ್ಟಗೆ ಬಾಳಲಿಲ್ಲ. ಲಾವೆರ್ದಾ ಮುಚ್ಚಿತು. ಗುಟ್ಸಿ 2004ರಲ್ಲಿ ಪಿಯಾಜಿಯೋದ ಪಾಲಾಯಿತು. ಬೆನೆಲ್ಲಿಯನ್ನು 2005ರಲ್ಲಿ ಚೀನಾದ ಕಂಪೆನಿ ಕೊಂಡಿತು. ಎಂವಿಯನ್ನು ಹಾರ್ಲೆ ಡೇವಿಡ್‌ಸನ್ 2008ರಲ್ಲಿ ಕೊಂಡು 2010ರಲ್ಲಿ ಕೈತೊಳೆದುಕೊಂಡಿತು. ಡುಕಾಟಿ 2012ರಿಂದ ಜರ್ಮನಿಯ ಆಡಿಯದು. ಯಜಮಾನರು ಬದಲಾದರೂ ಊರುಗಳಿಂದ ಕಸುಬು ಕದಲಲಿಲ್ಲ ಎಂಬುದನ್ನು ಗಮನಿಸಬೇಕು. ಡುಕಾಟಿ ಇಂದಿಗೂ ಬೊಲೋನ್ಯಾದ ಬೋರ್ಗೋ ಪನಿಗಾಲೆಯಲ್ಲಿದೆ, ಕಾರ್ಖಾನೆಯ ಒಳಗೇ 1998ರಿಂದ ಸಂಗ್ರಹಾಲಯವಿದೆ. ಗುಟ್ಸಿ ಇಂದಿಗೂ ಮಾಂಡೆಲ್ಲೋದಲ್ಲಿದೆ, ಅಲ್ಲಿಯೂ ಸಂಗ್ರಹಾಲಯವಿದೆ. 1974ರ ಗಾಡಿ ಇಟ್ಟುಕೊಂಡವನು ಹೋಗಿ ಮೂಲ ರೂಪ ಹೇಗಿತ್ತೆಂದು ಕಣ್ಣಾರೆ ನೋಡಿ ಬರಬಹುದು.

ಯಾದವಗಿರಿಯಲ್ಲಿ ಕಟ್ಟಿದ ಗಾಡಿ

ಇಲ್ಲಿಗೆ ಬಂದಾಗ ನನಗೆ ನಮ್ಮ ಕೊಟ್ಟಿಗೆಯ ಗಾಡಿ ನೆನಪಾಯಿತು. ಅದೂ ಒಂದು ಊರಿನ ಗಾಡಿಯೇ. ಜಾವಾ ಹುಟ್ಟಿದ್ದು 1929ರಲ್ಲಿ, ಚೆಕೊಸ್ಲೊವಾಕಿಯಾದಲ್ಲಿ. ಬಿಮೋಟಾದಂತೆ ಇದೂ ಅಕ್ಷರ ಜೋಡಿಸಿದ ಹೆಸರು: ಯಾನೆಚೆಕ್ ಎಂಬ ಮಾಲೀಕ, ಅವನು ಯಂತ್ರ ಕೊಂಡ ವಾಂಡರರ್ ಕಂಪೆನಿ. ಹೊರದೇಶದ ಗಾಡಿ ತರಿಸುವುದಕ್ಕೆ ಸರ್ಕಾರ ಕಡಿವಾಣ ಹಾಕಿದ ಕಾಲದಲ್ಲಿ, ಮುಂಬಯಿಯಲ್ಲಿ ಜಾವಾ ಮಾರುತ್ತಿದ್ದ ಪಾರಸಿ ಇರಾನಿ ಮನೆತನದವರು ಮೈಸೂರಿಗೆ ಬಂದು ಐಡಿಯಲ್ ಜಾವಾ ಕಂಪೆನಿ ಕಟ್ಟಿದರು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಇದರ ಹಿಂದಿದ್ದವರು. ಜಯಚಾಮರಾಜ ಒಡೆಯರು ಉದ್ಘಾಟಿಸಿದ ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬಂದವು. 1973ರಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಆಯಿತು. ಇರಾನಿನ ಯಜ್ದ್ ಪಟ್ಟಣದ ನೆನಪು. ಮೈಸೂರು ರಾಜ್ಯ ಕರ್ನಾಟಕ ಆದದ್ದೂ ಅದೇ ವರ್ಷ. ಹೀಗಾಗಿ ಅಪ್ಪನ ಗಾಡಿಯ ನಂಬರ್ ಪ್ಲೇಟಿನಲ್ಲಿ 'ಎಂವೈ' ಅಕ್ಷರಗಳಿವೆ, ಟ್ಯಾಂಕಿನ ಮೇಲೆ ಜಾವಾ ಎಂದಿದೆ. ಎರಡೂ ಹೆಸರು ಈಗ ಹಿಂದಿನವು.

ಸುಮಾರು 250 ಸಿ.ಸಿ.ಯ, ಟೂ ಸ್ಟ್ರೋಕಿನ ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು. ಒಂದಕ್ಕೆ ಎರಡೇಕೆ ಎಂದು ಚಿಕ್ಕಂದಿನಲ್ಲಿ ಕೇಳಿದಾಗ ಅಪ್ಪ, "ಎರಡು ಮೂಗಿನ ಹೊಳ್ಳೆ ಇಲ್ವೇನೋ ನಿಂಗೆ" ಎಂದಿದ್ದರು. ಹಿಂದಿನ ಚೈನಿಗೆ ಪೂರ್ತಿ ಕವಚ. ಕೆಸರು, ಮರಳು ಒಳಗೆ ಹೋಗುವಂತಿಲ್ಲ. ಕಿಕ್ ಹೊಡೆಯುವ ಲಿವರೇ ಮಡಚಿದರೆ ಗೇರು. ಗೇರು ಹಾಕುವಾಗ ಕಾಲಿನ ಒತ್ತಡಕ್ಕೇ ಕ್ಲಚ್ಚು ತಾನೇ ಬಿಡುತ್ತದೆ. ಕೀಲಿಯೋ ಮೊಳೆಯಂಥದ್ದು; ಮೊಳೆ ಚುಚ್ಚಿದರೂ ಸ್ಟಾರ್ಟಾಗುತ್ತೆ ಎಂಬುದು ಆ ಕಾಲದ ತಮಾಷೆ. ಬಣ್ಣ ಕಡುಗೆಂಪು. ಡುಕಾಟಿಯದು ರೇಸಿನ ಕೆಂಪು, ಇದು ಹಳೆಯ ರೇಷ್ಮೆ ಸೀರೆಯ ಅಂಚಿನ ಕೆಂಪು ಎಂದರೆ ಹೆಚ್ಚಾಗಲಾರದು. ಹೊಲದ ಗಾಡಿ ಎಂದುಕೊಳ್ಳಬೇಡಿ, ಮದರಾಸಿನ ಹತ್ತಿರ ಯುದ್ಧಕಾಲದ ಹಳೆಯ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದ ಶೋಲಾವರಂ ರೇಸುಗಳಲ್ಲಿ ಯೆಜ್ಡಿಗಳೂ ಓಡಿದ್ದವು.

ಎಂಬತ್ತರ ದಶಕದ ನಡುವಿನಲ್ಲಿ ಜಪಾನಿನ ನೂರು ಸಿ.ಸಿ. ಗಾಡಿಗಳು ಬಂದವು. ಬಿಡದಿಯ ಆ ಒಂದೇ ಪ್ರಶ್ನೆ, ಮೈಲೇಜು, ಯೆಜ್ಡಿಯನ್ನು ಮುಗಿಸಿತು. ಕಾರ್ಮಿಕರ ತಕರಾರು, ಹೊಗೆಯ ಹೊಸ ಕಾಯಿದೆ ಸೇರಿ 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ ಹೆಸರು, 2022ರಲ್ಲಿ ಯೆಜ್ಡಿ ಹೆಸರು ಮಾರುಕಟ್ಟೆಗೆ ಮರಳಿ ಬಂದವು. ಆ ಹೊಸ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ.

ರೇಷ್ಮೆ ಮೊಟ್ಟೆಯ ಸವಾರಿ

ಅಪ್ಪ ರೇಷ್ಮೆ ಇಲಾಖೆಯಲ್ಲಿದ್ದರು. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ, ನಾಲ್ಕೂ ತಾಲ್ಲೂಕಿಗೆ ವರ್ಗವಾಗಿ ತಿರುಗಿದವರು. ರೇಷ್ಮೆಹುಳುವಿನ ಮೊಟ್ಟೆ ಬಿಸಿಲು ತಾಳುವುದಿಲ್ಲ. ನಸುಕಿನಲ್ಲೇ ಹೊರಟು, ಮೊಟ್ಟೆಯ ಹಾಳೆಗಳನ್ನು ಒದ್ದೆ ಬಟ್ಟೆಯ ಚೀಲದಲ್ಲಿಟ್ಟು, ಕನಕಪುರದ ಆಚೆ ಸಂಗಮದ ದಾರಿಯ ಹಳ್ಳಿಗಳವರೆಗೆ ಹೊತ್ತೇರುವ ಮುಂಚೆ ಮುಟ್ಟಿಸುತ್ತಿದ್ದರು. ಗಾಡಿ ನಡುವೆ ನಿಂತರೆ ಒಬ್ಬ ರೈತನ ಒಂದು ಬೆಳೆ ಹೋಗುತ್ತಿತ್ತು. ಅಪ್ಪ ಆ ಜಾವಾವನ್ನು ನೋಡಿಕೊಂಡ ರೀತಿಯೇ ಹಾಗಿತ್ತು.

ರಾಮನಗರದಲ್ಲಿದ್ದಾಗಲೇ 'ಶೋಲೆ' ಚಿತ್ರೀಕರಣ. ಜಯ್-ವೀರು ಹಾಡಿನಲ್ಲಿ ಓಡಿಸುವ ಸೈಡ್‌ಕಾರಿನ ಬಿಎಸ್‌ಎ ಗಾಡಿಯನ್ನು ನೋಡಿದ್ದೆ ಎಂದು ಅಪ್ಪ ಹೇಳುತ್ತಿದ್ದರು. ನಿಜವೋ ಸುಳ್ಳೋ, ರಾಮನಗರದ ಆ ವಯಸ್ಸಿನವರೆಲ್ಲ ಹಾಗೇ ಹೇಳುತ್ತಾರೆ. ಅದೇ ಗಾಡಿಯನ್ನು 2025ರ ಗೋವಾ ಚಿತ್ರೋತ್ಸವದಲ್ಲಿ ಜನ ನೋಡಲೆಂದು ಇಟ್ಟಿದ್ದರು. ಯಾರೋ ಅದನ್ನು ಐವತ್ತು ವರ್ಷ ಜೋಪಾನ ಮಾಡಿದ್ದರಲ್ಲ!

ನಮ್ಮದನ್ನು ಟೆಂಪೋಗೆ ಹಾಕಿಕೊಂಡು ನಾನೂ ಹುಡುಗನೂ ಚನ್ನಪಟ್ಟಣಕ್ಕೆ ಹೋದೆವು. ಅಪ್ಪನ ಕಾಲದಿಂದ ಈ ಗಾಡಿಯ ಹೊಟ್ಟೆ ಬಲ್ಲ ಮೆಕ್ಯಾನಿಕ್ ಒಬ್ಬರು ಅಲ್ಲಿದ್ದಾರೆ. ವಯಸ್ಸು ಎಪ್ಪತ್ತರ ಮೇಲೆ. ಹುಡುಗ ಮೊಬೈಲಿನಲ್ಲಿ ಕೆಫೆ ರೇಸರ್ ಚಿತ್ರ ತೋರಿಸಿದ. ಅವರು ಕನ್ನಡಕ ಏರಿಸಿ ನೋಡಿ ಹೇಳಿದ್ದು ಇಷ್ಟೆ: "ಚೆನ್ನಾಗೈತೆ. ಆದ್ರೆ ಫ್ರೇಮಿಗೆ ಗ್ರೈಂಡರ್ ಹಿಡಿಯೋದಾದ್ರೆ ಬೇರೆ ಕಡೆ ತಗೊಂಡೋಗಿ ಸಾರ್. ನನ್ ಕೈಲಿ ಆಗಲ್ಲ."

ಕತ್ತರಿಸಿದರೆ ಆಗುವ ನಷ್ಟ ಬರೀ ಭಾವನೆಯದಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಹಳೆಯ ಗಾಡಿ ಮನೆಯಲ್ಲಿರುವವರು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮಾಡಿದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಇಪ್ಪತ್ತು ಸಾವಿರ ರೂಪಾಯಿ, ಹತ್ತು ವರ್ಷ ಊರ್ಜಿತ, ನವೀಕರಣಕ್ಕೆ ಐದು ಸಾವಿರ. ಹಿಂದೆ ನೋಂದಣಿ ಆಗಿದ್ದ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ದಿನದ ಓಡಾಟಕ್ಕೆ, ವ್ಯಾಪಾರಕ್ಕೆ ಬಳಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ರಿಪೇರಿ, ಪೆಟ್ರೋಲಿಗೆ ರಸ್ತೆಗಿಳಿಸಬಹುದು. ಆದರೆ ಛಾಸಿ, ಮೈಕಟ್ಟು, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಮಾಡಿದ್ದರೆ ಈ ಮನ್ನಣೆ ಇಲ್ಲ. ಬಾಲ ಕತ್ತರಿಸಿದ ಜಾವಾ ಈ ಲೆಕ್ಕದಲ್ಲಿ ಜಾವಾ ಅಲ್ಲ. ನಮ್ಮ ಆರ್‌ಸಿ ಪುಸ್ತಕದ ಅರ್ಧವನ್ನು ಗೆದ್ದಲು ತಿಂದಿತ್ತು. ಅದು ನಮ್ಮದೇ ಅಲಕ್ಷ್ಯ, ಅದಕ್ಕೆ ಅಲೆಯುವ ಶ್ರಮವೂ ನಮ್ಮದೇ.

ಇದನ್ನೆಲ್ಲ ಹುಡುಗನಿಗೆ ಹೇಳಿದಾಗ ಅವನು ವಾದ ಬಿಡಲಿಲ್ಲ. "ತಂಬುರಿನೀನೂ ಹೋಂಡಾ ಫ್ರೇಮ್ ಬಿಸಾಕಿದ್ದಲ್ವಾ ಮಾವ?" ಮಾತು ಸರಿಯೇ. ಆದರೆ ಆ ಹೋಂಡಾ ಆಗಿನ ಹೊಸ ಗಾಡಿ, ಕಾರ್ಖಾನೆಯಿಂದ ಅಂಥವು ದಿನವೂ ಹೊರಬರುತ್ತಿದ್ದವು. ಯಾದವಗಿರಿಯಿಂದ ಇನ್ನೊಂದು ಬರುವುದಿಲ್ಲ. ಅದರ ವಿನ್ಯಾಸ ಹೇಗಿತ್ತೆಂದು ನಾಳೆ ಯಾರಾದರೂ ಕೇಳಿದರೆ ತೋರಿಸಲು ಇರುವುದು ಹೀಗೆ ಅಲ್ಲಲ್ಲಿ ನಿಂತ ಗಾಡಿಗಳು, ಈ ಮೆಕ್ಯಾನಿಕರ ಕೈ, ಅಷ್ಟೆ. ಇದೇ ಹೆದ್ದಾರಿಯಲ್ಲಿ, ಶ್ರೀರಂಗಪಟ್ಟಣದ ಬಳಿ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ 'ಪಯಣ' ವಾಹನ ಸಂಗ್ರಹಾಲಯವಿದೆ. ಪ್ರತಿ ವರ್ಷ ಜುಲೈಯಲ್ಲಿ ಜಾವಾ-ಯೆಜ್ಡಿ ಪ್ರಿಯರು ಒಂದು ಭಾನುವಾರ ಸೇರಿ ದಿನಾಚರಣೆ ಮಾಡುತ್ತಾರೆ. ಬೊಲೋನ್ಯಾದಲ್ಲಿ ಕಂಪೆನಿ ಮಾಡುವ ಕೆಲಸವನ್ನು ಇಲ್ಲಿ ಹವ್ಯಾಸಿಗಳು ಕೈಯಿಂದ ಖರ್ಚು ಮಾಡಿ ಮಾಡುತ್ತಿದ್ದಾರೆ. ಬೆಂಗಳೂರಿನ ಆ ಸಂಗ್ರಾಹಕರೂ ಕೆಟ್ಟವರೇನಲ್ಲ. ಅವರ ಬಳಿ ಹೋದರೆ ಗಾಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ನನಗೆ ಒಪ್ಪಿಗೆಯಾಗದಿದ್ದುದು ಹೊಸ ಬಣ್ಣ ಹೊಡೆಸುತ್ತೇನೆಂದ ಅವರ ಮಾತು. ಟ್ಯಾಂಕಿನ ಎರಡೂ ಕಡೆ ಅಪ್ಪನ ಮಂಡಿ ಸವೆಸಿದ ಜಾಗ ಹಾಗೇ ಇದೆ. ಇಟಲಿಯ ಗಾಡಿಗಳ ಹರಾಜಿನಲ್ಲಿ ಇಂಥ ಸವೆದ ಮೂಲ ಬಣ್ಣಕ್ಕೇ ಬೆಲೆ ಜಾಸ್ತಿ ಎಂದು ಹುಡುಗನೇ ಒಮ್ಮೆ ಹೇಳಿದ್ದ, ಬಾಯಿ ತಪ್ಪಿ.

ಮೂರು ವಾರ ಗಾಡಿ ಚನ್ನಪಟ್ಟಣದಲ್ಲಿತ್ತು. ಪಿಸ್ಟನ್ ರಿಂಗು, ಪಾಯಿಂಟು, ಕಾರ್ಬುರೇಟರು ಹೇಗೋ ಹೊಂದಿತು. ತೊಂದರೆ ಕೊಟ್ಟದ್ದು ಮುಂದಿನ ಮಡ್‌ಗಾರ್ಡು. ಕೊಟ್ಟಿಗೆಯಲ್ಲಿ ಎತ್ತು ಒದ್ದು ತಗ್ಗು ಬಿದ್ದಿತ್ತು. ಮೆಕ್ಯಾನಿಕರು ಪಕ್ಕದ ಬೀದಿಯ ಬೊಂಬೆ ಕಟೆಯುವವರ ಹತ್ತಿರ ಹೋಗಿ, ಮಡ್‌ಗಾರ್ಡಿನ ಒಳಮೈಗೆ ಹೊಂದುವಂತೆ ಮರದ ಅಚ್ಚೊಂದನ್ನು ಮಾಡಿಸಿಕೊಂಡು ಬಂದರು. ಅದರ ಮೇಲೆ ತಗಡನ್ನಿಟ್ಟು, ಮರದ ಕೊಡತಿಯಿಂದ ಮೆಲ್ಲಗೆ ಬಡಿಯುತ್ತ ಎರಡು ಮಧ್ಯಾಹ್ನ ಕೂತರು. ಬಣ್ಣ ಚಕ್ಕೆ ಏಳಲಿಲ್ಲ. ಹುಡುಗ ವೀಡಿಯೋ ತೆಗೆದ. ಇಟಲಿಯ ಹಳೆಯ ಕುಶಲಿಗರು ಕಾರು, ಬೈಕುಗಳ ಮೈಯನ್ನು ಮರದ ಅಚ್ಚಿನ ಮೇಲೆ ಹೀಗೇ ಬಡಿದು ಮಾಡುತ್ತಿದ್ದರು ಎಂದು ನಾನು ಹೇಳಿದೆ. ಅವನು ಉತ್ತರ ಕೊಡಲಿಲ್ಲ, ಚಿತ್ರ ತೆಗೆಯುವುದನ್ನೂ ನಿಲ್ಲಿಸಲಿಲ್ಲ.

ದೀಪಾವಳಿಗೆ ಮುಂಚಿನ ಭಾನುವಾರ ಗಾಡಿ ಮನೆಗೆ ಬಂತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿ, ಮೊಳೆಯಂಥ ಕೀಲಿ ತಿರುಗಿಸಿ, ಹುಡುಗ ನಾಲ್ಕು ಸಲ ಒದ್ದ. ಐದನೆಯದಕ್ಕೆ ಹತ್ತಿಕೊಂಡಿತು. ಅಂಗಳ ತುಂಬ ನೀಲಿ ಹೊಗೆ. ಹತ್ತಿ ಕೂತವನು ಕ್ಲಚ್ಚು ಹಿಡಿದು ಎಡಗಾಲಿನಲ್ಲಿ ಗೇರಿಗಾಗಿ ತಡಕಾಡಿದ. ಸಿಗಲಿಲ್ಲ. ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಜಗಲಿಯ ಮೇಲಿಂದ ಅಮ್ಮ, ಇಷ್ಟು ದಿನ ಈ ವಿಷಯದಲ್ಲಿ ಒಂದು ಮಾತೂ ಆಡದಿದ್ದವಳು, "ಒದ್ದಿದ್ದನ್ನೇ ಒತ್ತಿ ಮುಂದಕ್ಕೆ ಮಡಚಪ್ಪ, ಅದೇ ಗೇರು" ಎಂದಳು.

ಕಾಗದ ಇನ್ನೂ ಕೈಗೆ ಬಂದಿಲ್ಲ, ಕೆರೆ ಏರಿಯ ತನಕ ಮಾತ್ರ ಹೋಗಿ ಬಾ ಎಂದು ಹೇಳಿ ಬಿಟ್ಟೆ. ಸಂಗ್ರಾಹಕರಿಗೆ ಫೋನು ಮಾಡಿ, ಕೊಡುವ ಮನಸ್ಸಿಲ್ಲ ಎಂದೂ ತಿಳಿಸಿದೆ. ಹುಡುಗ ಮರಳಿ ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಅಷ್ಟರಲ್ಲಿ ಅಂಗಳದಲ್ಲಿ ನಿಲ್ಲಿಸಿದ್ದ ಅವನ ಮಾನ್‌ಸ್ಟರಿನ ಸೀಟಿನ ಮೇಲೆ ನಮ್ಮನೆ ಕೋಳಿ ಹತ್ತಿ ಕೂತಿತ್ತು.